ಕಿವಿಯೊಳಗಿನ ಕೂಸು

ಕೊಳೆತ ಬಾಳೆದಿಂಡಿನ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಅದರ ಮೇಲೆ ಕೆಸರಿನ ತಂಪು. ಹೋದ ಮಳೆಗಾಲದಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆಂದು, ಎಷ್ಟೋ ವರ್ಷಗಳ ಹಿಂದೆ ಬಿಟ್ಟಿದ್ದ ಆನೆಗೊಂದಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಗೊನೆ ಕಡಿದು ಒಟ್ಟಿದ್ದ ದಿಂಡುಗಳ ರಾಶಿಯಿಂದ ಆ ವಾಸನೆ ಎದ್ದು ಬಂತು. ಅದೇ ಹೊತ್ತಿಗೆ ಒಳಗೆ ತೊಟ್ಟಿಲಲ್ಲಿ ಕೂಸು ಅತ್ತಿತು. ಆ ಮನೆಯ ಕೂಸೇ ಅದು. ಎಲ್ಲರಿಗೂ ಕೇಳಿಸುತ್ತಿತ್ತು. ಆದರೂ ನನ್ನ ಕೈಯಲ್ಲಿದ್ದ ತಂಬಿಗೆ ಜಾರಿತು. ಮೊಮ್ಮಗಳು ಓಡಿ ಬಂದು ತೋಳು ಹಿಡಿದಳು. ಅವಳಿಗೆ ಏನೆಂದು ಹೇಳುವುದು? ಹೇಳಬೇಕೆಂದರೆ ಒಂದು ವರ್ಷವನ್ನೇ ಹೇಳಬೇಕಿತ್ತು.

ನನ್ನ ತವರು ತಳಕಲ್. ಎರೆಹೊಲ, ಜೋಳ, ಕಣ್ಣು ಹಾಯುವಷ್ಟು ದೂರ ಬಯಲು. ಅಲ್ಲಿ ನೀರನ್ನು ತುಪ್ಪದ ಹಾಗೆ ಬಳಸುತ್ತಿದ್ದೆವು. ಆನೆಗೊಂದಿಗೆ ಸೊಸೆಯಾಗಿ ಬಂದಾಗ ಎಲ್ಲಿ ನೋಡಿದರೂ ನೀರು. ಊರ ಬದಿಗೆ ಹೊಳೆ, ಗದ್ದೆಗಳ ನಡುವೆ ಹಳೆಯ ಕಾಲುವೆಗಳು, ಮನೆಯ ಹಿಂದೆಯೇ ನಮ್ಮ ಬಾಳೆತೋಟ. ಮೊದಲ ತಿಂಗಳು ನಾನು ಹಬ್ಬಕ್ಕೆ ಬಂದವಳ ಹಾಗೆ ಓಡಾಡಿದೆ. ಆ ನೀರಿನ ಜೊತೆ ಜ್ವರವೂ ಇರುತ್ತದೆಂದು ತಿಳಿದದ್ದು ಮಳೆ ಹಿಡಿದ ಮೇಲೆ. ಸಂಜೆಯಾದರೆ ಸೊಳ್ಳೆ ಹೊಗೆಯ ಹಾಗೆ ಏಳುತ್ತಿದ್ದವು. ಶ್ರಾವಣದಲ್ಲಿ ಒಂದಾದರೂ ಕಂಬಳಿ ಹೊದ್ದು ನಡುಗುವ ಮೈ ಇಲ್ಲದ ಮನೆ ಊರಲ್ಲಿ ಇರಲಿಲ್ಲ.

ನಾನು ಹೇಳುವ ವರ್ಷ ದೊಡ್ಡ ಯುದ್ಧ ನಡೆದಿತ್ತು. ನಮಗೆ ಅದು ಗೊತ್ತಾಗುತ್ತಿದ್ದದ್ದು ಸೀಮೆಎಣ್ಣೆ ಸಿಗದಿದ್ದಾಗ, ಜ್ವರದ ಕ್ವಿನೈನ್ ಸಿಗದಿದ್ದಾಗ. ಬೇಸಿಗೆಯಲ್ಲಿ ತಳಕಲ್ಲಿನಲ್ಲಿ ನನ್ನ ಚೊಚ್ಚಲ ಬಾಣಂತನವಾಗಿತ್ತು. ಹೆಣ್ಣುಕೂಸು. ಪಾರವ್ವ ಎಂದು ಹೆಸರಿಟ್ಟೆವು, ಪಾರೂ ಎಂದು ಕರೆದೆವು. ಮಳೆ ಶುರುವಾದ ಮೇಲೆ ಗಂಡನ ಮನೆಗೆ ಕರೆದುಕೊಂಡು ಬಂದೆ. ಕೂಸಿಗೂ ನನಗೂ ಒಟ್ಟಿಗೇ ಜ್ವರ ಬಂತು. ನನಗೆ ಜ್ವರ ತಲೆಗೇರಿ ಮೈಮೇಲಿನ ಎಚ್ಚರ ತಪ್ಪಿತು. ಕಣ್ಣು ಬಿಟ್ಟಾಗ ತೊಟ್ಟಿಲು ಅಟ್ಟದ ಮೇಲಿತ್ತು.

"ಕೂಸು ಎಲ್ಲೈತ್ರಿ, ಅತ್ತಿ?" ಎಂದೆ.

"ಮೊದಲ ಗಂಜಿ ಕುಡಿ," ಎಂದರು ಅತ್ತೆ.

ಗಂಜಿ ಕುಡಿದೆ. ಆಮೇಲೆ ಹೇಳಿದರು.

ನಾನು ಅಳಲಿಲ್ಲ. ನೋಡದ ಸಾವು ಮನಸ್ಸಿಗೆ ನಾಟುವುದಿಲ್ಲ. ಕೂಸು ಮಲಗಿದ್ದಾಗ ನಾನೂ ಮಲಗಿದ್ದೆ, ಎದ್ದು ನೋಡಿದರೆ ಅದು ಇರಲಿಲ್ಲ, ಅಷ್ಟೇ. ಅದು ಸತ್ತಿದೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಬೇರೆಯವರ ಮಾತು. ಹೇಗೋ ಸಿಕ್ಕ ಕ್ವಿನೈನ್ ಕುಡಿದು ಕಿವಿಯಲ್ಲಿ ಹಗಲೆಲ್ಲ ಜೀರುಂಡೆ ಕೂಗಿದ ಹಾಗೆ ಆಗುತ್ತಿತ್ತು. ಗೋಡೆಗೆ ಒರಗಿ ಕೂತು ಆ ಸದ್ದನ್ನೇ ಕೇಳುತ್ತಿದ್ದೆ. ಒಂದು ದಿನ ಮಧ್ಯಾಹ್ನ ಆ ಸದ್ದಿನ ಆಚೆ, ಹಿತ್ತಲ ಬಾಳೆತೋಟದ ಕಡೆಯಿಂದ ಪಾರೂ ಅತ್ತಳು.

ಭ್ರಮೆ ಎಂದರೆ ಮಂಜಿನ ಹಾಗೆ ಮಸುಕಾಗಿರುತ್ತದೆ ಎಂದು ಜನ ತಿಳಿಯುತ್ತಾರೆ. ನನಗೆ ಕೇಳಿಸಿದ್ದರಲ್ಲಿ ಮಸುಕೆಂಬುದೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಹುಲಿಗೆವ್ವ ಒನಕೆ ಹಾಕುವುದು ಹೇಗೆ ಕೇಳಿಸುತ್ತಿತ್ತೋ ಇದೂ ಹಾಗೆಯೇ. ಹಸಿದಾಗ ಪಾರೂ ಮೊದಲು ಕೆಮ್ಮಿದ ಹಾಗೆ ಮಾಡಿ ಆಮೇಲೆ ದನಿ ಎಳೆಯುತ್ತಿದ್ದಳು. ಅದೇ ಕೆಮ್ಮು, ಅದೇ ಎಳೆತ. ನನ್ನ ಎದೆ ಬಿಗಿಯಿತು. ಹಾಲು ಇಳಿದು ಕುಪ್ಪಸ ಒದ್ದೆಯಾಯಿತು. ಕಿವಿ ಸುಳ್ಳು ಹೇಳಬಹುದು, ಮೈ ಹೇಗೆ ಹೇಳೀತು?

"ಪಾರೂ ಅಳಾಕತ್ತಾಳ್ರಿ," ಎಂದು ಎದ್ದೆ.

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಅವರ ಕೈ ನಿಂತಿತು. "ಯವ್ವಾ, ಕೂಡು," ಎಂದರು. ನಾನು ಕೂಡಲಿಲ್ಲ. ತೋಟಕ್ಕೆ ಓಡಿದೆ. ಅಲ್ಲಿ ಮಳೆಗೆ ಕೊಳೆತು ಬಿದ್ದ ದಿಂಡುಗಳಿದ್ದವು, ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಂದು ಬುಡಕ್ಕೆ ಹೋದರೆ ಅಳು ಮುಂದಿನ ಬುಡದಿಂದ ಬರುತ್ತಿತ್ತು. ಸಾಲಿನಿಂದ ಸಾಲಿಗೆ ತಿರುಗಿದೆ. ಕೊನೆಗೆ ಅತ್ತೆ ಬಂದು ಕೆಸರು ಮೆತ್ತಿದ ನನ್ನ ಕಾಲು ನೋಡಿ ಕೈ ಹಿಡಿದು ಕರೆದೊಯ್ದರು.

ಆಮೇಲೆ ಅದು ದಿನದ ಕೆಲಸವೇ ಆಯಿತು. ಒಂದು ಕಡೆ ಕೂತು ರೊಟ್ಟಿ ತಿನ್ನಲು ಆಗುತ್ತಿರಲಿಲ್ಲ. ಅಳು ಕೇಳಿಸಿದರೆ ಹುಡುಕಲು ಏಳುತ್ತಿದ್ದೆ, ಕೇಳಿಸದಿದ್ದರೆ ಯಾಕೆ ಕೇಳಿಸಲಿಲ್ಲವೆಂದು ಏಳುತ್ತಿದ್ದೆ. ಹಗ್ಗ ಹರಿದ ಕರುವಿನ ಹಾಗೆ ಮನೆ, ಹಿತ್ತಲು, ಕಾಲುವೆಯ ದಂಡೆ ತಿರುಗಿದೆ. ನಮ್ಮವರು ಸಾಧು ಮನುಷ್ಯ, ಮಾತು ಕಡಿಮೆ. ನಾನು ಎದ್ದಾಗಲೆಲ್ಲ ತಾವೂ ಎದ್ದು ಬರುತ್ತಿದ್ದರು. ನಾನು ತೋರಿಸಿದ ಬಾಳೆಯ ಎಲೆ ಸರಿಸಿ ನೋಡಿ, "ಇಲ್ಲ ನೋಡು," ಎನ್ನುತ್ತಿದ್ದರು. ಒಂದು ದಿನ ನಾನು ಅಳುತ್ತ ಕೇಳಿದೆ: "ಒಮ್ಮೆರ ಕೇಳಿಸಿಲ್ಲೇನ್ರಿ ನಿಮಗ?"

ಅವರು ನನ್ನ ಮುಖ ನೋಡಿದರು. "ಕೇಳಿಸ್ತು," ಎಂದರು.

ನನ್ನ ಜೀವಕ್ಕೆ ಜೀವ ಬಂದಂತಾಯಿತು. "ಎಲ್ಲಿಂದ?"

ಅವರು ಹೊಳೆಯ ಕಡೆ ಕೈ ತೋರಿಸಿದರು. ಅಳು ಬರುತ್ತಿದ್ದದ್ದು ಅದರ ಎದುರು ದಿಕ್ಕಿನಿಂದ. ನನ್ನ ಸಮಾಧಾನಕ್ಕೆಂದು ಅವರು ಸುಳ್ಳು ಹೇಳಿದ್ದರು. ಆ ಗಳಿಗೆಯಲ್ಲಿ ನನಗಾದ ಹೆದರಿಕೆಯನ್ನು ಈಗಲೂ ಹೇಳಲಾರೆ. ಅಲ್ಲಿಯವರೆಗೆ ಹುಡುಕುವವರು ಇಬ್ಬರಿದ್ದೆವು ಎಂದುಕೊಂಡಿದ್ದೆ. ಆವತ್ತಿನಿಂದ ಒಬ್ಬಳೇ ಆದೆ.

ಅತ್ತೆ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಮಠದಿಂದ ತಾಯಿತ ತಂದು ಕಟ್ಟಿದರು. ಬೇವಿನ ಸೊಪ್ಪಿನಿಂದ ನಿವಾಳಿಸಿದರು. ದೆವ್ವ ಬಿಡಿಸುವವನೊಬ್ಬ ಬಂದು ನನ್ನ ಜುಟ್ಟು ಹಿಡಿದು ಹೆಸರು ಕೇಳಿದ. "ಗೌರವ್ವ," ಎಂದೆ. "ನಿಂದಲ್ಲ, ಒಳಗಿದ್ದಾಕೀದು," ಎಂದ. ಒಳಗೆ ಯಾರೂ ಇರಲಿಲ್ಲ, ಅಳು ಹೊರಗಿತ್ತು. ಅದನ್ನು ಹೇಳಿದ್ದಕ್ಕೆ ಬೆನ್ನಿಗೆ ಬೇವಿನ ಬರಲಿನ ಪೆಟ್ಟು ಬಿದ್ದವು. ಅತ್ತೆಯೇ ಅಡ್ಡ ಬಂದು ಅವನನ್ನು ಕಳಿಸಿದರು. ಆದರೆ ಮರುದಿನ ಮಗನ ಹತ್ತಿರ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಹುಚ್ಚು ಹಿಡದಾಕಿ ಜೋಡಿ ನೀ ಎಷ್ಟು ವರ್ಷ ಬಾಳ್ವೆ ಮಾಡ್ತಿ? ತವರಿಗೆ ಬಿಟ್ಟು ಬಾ. ಆರಾಮಾದ್ರ ಕರಕೊಂಡು ಬರೋಣು. ಇಲ್ಲಂದ್ರ ಮುಂದಿಂದು ನೋಡೋಣು."

"ಒಮ್ಮೆ ಗಂಗಾವತಿ ದವಾಖಾನಿಗೆ ತೋರಸ್ತೀನಿ, ಯವ್ವಾ. ಆಮ್ಯಾಲ ನೀ ಹೇಳಿದಂಗ," ಎಂದರು ನಮ್ಮವರು.

ಮುಂದಿನದೆಂದರೆ ಏನೆಂದು ನನಗೆ ಗೊತ್ತಿತ್ತು. ಬೇರೆ ಹೆಣ್ಣು.

ಬಾಳೆಗೊನೆ ಹೇರಿದ ಬಂಡಿಯಲ್ಲಿ ಕೂತು ಗಂಗಾವತಿಗೆ ಹೋದೆವು. ದವಾಖಾನೆಯ ಡಾಕ್ಟರ ಸಾಹೇಬರು ಹೈದರಾಬಾದಿನ ಕಡೆಯ ವಯಸ್ಸಾದವರು. ನಮ್ಮ ಮಾತನ್ನು ಅಷ್ಟಿಷ್ಟು ಕಲಿತಿದ್ದರು. ನಾಲಿಗೆ ನೋಡಿದರು, ಹೊಟ್ಟೆಯ ಎಡಗಡೆ ಒತ್ತಿ ನೋಡಿದರು, ಕೂಸಿನ ವಿಷಯ ಕೇಳಿದರು. ನಾನು ಎಲ್ಲ ಹೇಳಿದೆ. ಅವರು ನಗಲಿಲ್ಲ, ಹೆದರಲೂ ಇಲ್ಲ.

"ನಂದು ಸುಳ್ಳೇನ್ರಿ, ಸಾಹೇಬ್ರ?" ಎಂದು ಕೇಳಿದೆ.

"ಬೇಟಿ, ನಿನಗ ಕೇಳಸ್ತೈತಿ, ಅದು ಸುಳ್ಳಲ್ಲ. ಅಲ್ಲಿ ಕೂಸಿಲ್ಲ, ಅದೂ ಸುಳ್ಳಲ್ಲ," ಎಂದರು. ಆಮೇಲೆ ನಮ್ಮವರಿಗೆ ಹೇಳಿದರು: "ಬುಖಾರ ತಲಿಗೇರಿತ್ತು. ಮ್ಯಾಲ ಕ್ವಿನೈನ್. ಅದರ ಮ್ಯಾಲ ಈ ದುಃಖ. ಹುಚ್ಚಲ್ಲ ಇದು. ಹಾಲು ಕುಡಸ್ರಿ, ಹೊಡಿಬ್ಯಾಡ್ರಿ."

ತಿರುಗಿ ಬರುವಾಗ ಖಾಲಿ ಬಂಡಿ ಗಡಗಡ ಕುಲುಕುತ್ತಿತ್ತು. ಗಾಲಿಯ ಕೀಲು ಎಣ್ಣೆಯಿಲ್ಲದೆ ಕಿರುಗುಟ್ಟುತ್ತಿತ್ತು. ತಡೆಯಲಾರದೆ ಎರಡೂ ಅಂಗೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿದೆ. ಗಾಲಿಯ ಸದ್ದು ದೂರ ಹೋಯಿತು. ಎತ್ತಿನ ಗಂಟೆ ದೂರ ಹೋಯಿತು. ಆಗಲೇ ಪಾರೂ ಅಳಲು ಶುರುಮಾಡಿದಳು. ಗದ್ದೆಯ ಆಚೆಯಿಂದ ಬರುತ್ತಿದ್ದ ಆ ಅಳು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕೈ ತೆಗೆದೆ, ಅಷ್ಟೇ ಇತ್ತು. ಮತ್ತೆ ಮುಚ್ಚಿದೆ, ಅಷ್ಟೇ ಇತ್ತು. ಹೊರಗಿನ ಸದ್ದಾಗಿದ್ದರೆ ಕೈ ಅಡ್ಡವಾದಾಗ ಕಡಿಮೆಯಾಗಬೇಕಿತ್ತು. ಡಾಕ್ಟರ ಸಾಹೇಬರು ಹೇಳಿದ ಎರಡು ಮಾತೂ ಒಟ್ಟಿಗೆ ನಿಜವಾಗುವುದು ಹೇಗೆಂದು ನನಗೆ ಆಗ ತಿಳಿಯಿತು.

ಆವತ್ತಿನಿಂದ ಅಳು ಬಂದ ಕೂಡಲೇ ಕಿವಿ ಮುಚ್ಚಿ ನೋಡುತ್ತಿದ್ದೆ. ಕಡಿಮೆಯಾಗದಿದ್ದರೆ ಏಳುತ್ತಿರಲಿಲ್ಲ. ಇದರಿಂದ ಸುಖವಾಯಿತು ಎಂದುಕೊಳ್ಳಬೇಡಿ. ಹಾಲು ಇನ್ನೂ ಇಳಿಯುತ್ತಿತ್ತು, ಕಾಲು ಇನ್ನೂ ಬಾಗಿಲ ಕಡೆ ಎಳೆಯುತ್ತಿದ್ದವು. ಪ್ರತಿ ಸಲ ಕಿವಿ ಮುಚ್ಚಿದಾಗಲೂ ನನ್ನ ಕೂಸಿಗೆ ನಾನೇ 'ನೀನಿಲ್ಲ' ಎಂದು ಹೇಳಿದ ಹಾಗೆ ಆಗುತ್ತಿತ್ತು. ತುಟಿ ಕಚ್ಚಿ ಕೂತಲ್ಲೇ ಕೂಡುತ್ತಿದ್ದೆ. ಹೊರಗಿನವರಿಗೆ ಕಂಡದ್ದು ಇಷ್ಟೇ: ಗೌರವ್ವ ಈಗ ಓಡುವುದಿಲ್ಲ, ಬದಲಿಗೆ ಆಗಾಗ ಕಿವಿ ಮುಚ್ಚಿಕೊಳ್ಳುತ್ತಾಳೆ. ಅದಕ್ಕೂ ಜನ ಹುಚ್ಚೆಂದೇ ಅಂದರು. ಹುಲಿಗೆವ್ವ ತನ್ನ ಮಗ ಮಲ್ಲನನ್ನು ನಮ್ಮ ಹಿತ್ತಲ ಕಡೆ ಬಿಡುವುದನ್ನೇ ನಿಲ್ಲಿಸಿದಳು. ಅವನಿಗೆ ಆಗಿನ್ನೂ ನಡೆಯುವುದು ಹೊಸದು.

ತವರಿಗೆ ಕಳಿಸುವ ಮಾತು ಭತ್ತದ ಸುಗ್ಗಿಯವರೆಗೆ ಮುಂದೆ ಹೋಯಿತು. ಸುಗ್ಗಿಯಲ್ಲಿ ಊರೆಲ್ಲ ಗದ್ದೆಯಲ್ಲಿತ್ತು. ನಾನೊಬ್ಬಳೇ ಕಾಲುವೆಯ ಪಕ್ಕ ಬಾಳೆಎಲೆ ಕೊಯ್ಯುತ್ತಿದ್ದೆ. ನನ್ನನ್ನು ಒಂಟಿಯಾಗಿ ಬಿಡಬಾರದೆಂದು ಅತ್ತೆ ದೂರದಲ್ಲಿ ಸೌದೆ ಆರಿಸುವ ನೆಪ ಮಾಡಿಕೊಂಡಿದ್ದರು. ಅಳು ಬಂತು. ಎಂದಿನ ಹಾಗೆ ಕುಡಗೋಲು ಕೆಳಗಿಟ್ಟು ಕಿವಿ ಮುಚ್ಚಿದೆ.

ಅಳು ಸಣ್ಣದಾಯಿತು.

ಕೈ ತೆಗೆದೆ, ದೊಡ್ಡದಾಯಿತು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಒತ್ತಿ ಮುಚ್ಚಿದೆ. ಅಳು ಪೂರ್ತಿ ಮುಳುಗಿಯೇ ಹೋಯಿತು. ಅಷ್ಟರಲ್ಲಿ ನಾನು ಓಡುತ್ತಿದ್ದೆ.

ಕಾಲುವೆಯಿಂದ ತೋಟಗಳಿಗೆ ನೀರು ಹಾಯಿಸಲು ಕಲ್ಲಿನ ತೂಬು ಇತ್ತು. ಅದರ ಕೆಳಗೆ ನೀರು ಬೀಳಲು ತೊಟ್ಟಿಯ ಹಾಗೆ ಆಳವಾದ ಕಲ್ಲುದೋಣಿ. ಅದರೊಳಗೆ ಮಲ್ಲ ನಿಂತಿದ್ದ. ಮೇಲೆ ಯಾರೋ ನೀರು ಬಿಟ್ಟಿದ್ದರು. ನೀರು ಅವನ ಎದೆ ದಾಟಿತ್ತು. ಪಾಚಿಗಟ್ಟಿದ ಕಲ್ಲನ್ನು ಉಗುರಿನಿಂದ ಕೆರೆಯುತ್ತ ಅಳುತ್ತಿದ್ದ. ನಾನು ದೋಣಿಗೆ ಇಳಿದು ಅವನನ್ನು ಎತ್ತಿದೆ. ಅವನು ನನ್ನ ಹೆಗಲನ್ನು ಕಚ್ಚಿ ಹಿಡಿದ. ಹಾಗೆಯೇ ಕಲ್ಲು ಹಿಡಿದು ಮೇಲೆ ಹತ್ತಿದೆ. ದಂಡೆಯ ಮೇಲೆ ಅವನನ್ನು ಅಪ್ಪಿಕೊಂಡು ಕೂತೆ. ಎಷ್ಟೋ ತಿಂಗಳ ಮೇಲೆ ನನ್ನ ತೋಳಿನಲ್ಲಿ ಭಾರವಿತ್ತು.

ಹುಲಿಗೆವ್ವ ಮಗನನ್ನು ಹುಡುಕುತ್ತ ಬಂದವಳು ನೋಡಿದ್ದು ಅದನ್ನು: ತನ್ನ ಕೂಸು ನೀರು ಸುರಿಸುತ್ತ ಹುಚ್ಚಿಯ ತೊಡೆಯ ಮೇಲಿದೆ. ಬಂದವಳೇ ಕಿತ್ತುಕೊಂಡಳು.

"ಏನ್ ಮಾಡಿದಿ ನನ್ನ ಕೂಸಿಗೆ? ನಿಂದು ಹೋತಂತ ನಂದನ್ನ ನೀರಾಗ ನೂಕಿದೇನು?"

ಗದ್ದೆಯಿಂದ ಜನ ಕುಡಗೋಲು ಹಿಡಿದೇ ಓಡಿ ಬಂದರು. ನಾನು ಏನು ಹೇಳಿದರೂ ಅದು ಹುಚ್ಚಿಯ ಮಾತು. ಆಗ ಜನರನ್ನು ಸರಿಸಿಕೊಂಡು ಅತ್ತೆ ಬಂದರು. ಓಡಿ ಓಡಿ ಅವರಿಗೆ ಏದುಸಿರು. ನನ್ನ ಮುಂದೆ ನಿಂತರು.

"ನಾ ಕಣ್ಣಾರೆ ನೋಡೀನಿ. ಆಕಿ ಇಳದು ತಗದಾಳ. ಕೂಸು ಅಳೋದು ನನಗ ಕೇಳಿಸಿರಲಿಲ್ಲ, ಆಕೀಗೆ ಕೇಳಿಸ್ತು. ಏನರ ಅನ್ನೋದಿದ್ರ ನನಗನ್ನು, ಹುಲಿಗೆವ್ವ."

ಹುಲಿಗೆವ್ವ ನನ್ನ ಹೆಗಲ ಮೇಲಿನ ಹಲ್ಲಿನ ಗುರುತು ನೋಡಿದಳು. ಮಗನನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ನಿನ್ನೆಯವರೆಗೆ ದೆವ್ವ ಹೊಕ್ಕವಳಾಗಿದ್ದ ನಾನು ಒಂದೇ ದಿನದಲ್ಲಿ ದೇವಿ ಮೈಮೇಲೆ ಬರುವವಳಾದೆ. ದೂರದ ಅಳು ಕೇಳಿಸುತ್ತದಂತೆ, ಆಗುವುದು ಹೋಗುವುದು ಗೊತ್ತಾಗುತ್ತದಂತೆ ಎಂದು ಸುದ್ದಿ ಹಬ್ಬಿತು. ಹೆಂಗಸರು ತೆಂಗಿನಕಾಯಿ, ಅರಿಶಿನ ಹಿಡಿದು ಬಾಗಿಲಿಗೆ ಬಂದರು. ಒಬ್ಬಳಿಗೆ ಕಳೆದ ಎಮ್ಮೆ, ಇನ್ನೊಬ್ಬಳಿಗೆ ನಿಲ್ಲದ ಗರ್ಭ. ಅತ್ತೆಗೂ ಇದು ಹಿತವೆನಿಸಿತು. "ದೇವರ ಮುಂದ ಮಣಿ ಹಾಕ್ತೀನಿ, ಒಂದೀಟು ಕೂಡು, ಯವ್ವಾ. ಬಾಯಿಗೆ ಬಂದದ್ದು ಹೇಳು. ಜನಾ ಹುಚ್ಚಿ ಅನ್ನೂದಕಿಂತ ತಾಯಿ ಅನ್ನೂದು ಛಲೋ ಅಲ್ಲೇನು?" ಎಂದರು. ಮೊದಲು ನನ್ನ ಮಾತು ಯಾರೂ ನಂಬುತ್ತಿರಲಿಲ್ಲ, ಈಗ ನಾನು ಆಡದ ಮಾತನ್ನೂ ನಂಬಲು ಸಿದ್ಧರಿದ್ದರು. ಬಂದವರನ್ನು ಕಂಡು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿ ಅಡಗುತ್ತಿದ್ದೆ.

ಸಂಗವ್ವ ಎನ್ನುವವಳು ಮಾತ್ರ ಬಿಡಲಿಲ್ಲ. ಗಂಗಾವತಿಯ ಹತ್ತಿರದ ಹಳ್ಳಿಯವಳು. ಅವಳ ಒಬ್ಬನೇ ಮಗ ಫೌಜಿಗೆ ಸೇರಿ ಯುದ್ಧಕ್ಕೆ ಹೋದವನು, ಬದುಕಿರುವ ಸುದ್ದಿಯೂ ಇಲ್ಲ, ಸತ್ತ ಸುದ್ದಿಯೂ ಇಲ್ಲ. ಎರಡು ಸಲ ನಾನು ಸಿಗದೆ ಹಿಂದಿರುಗಿದ್ದಳು. ಮೂರನೆಯ ಸಲ ನೇರ ತೋಟಕ್ಕೇ ಬಂದಳು.

"ಆಂವಾ ಅದಾನೋ ಇಲ್ಲೋ, ಅಷ್ಟ ಹೇಳು. ಬ್ಯಾರೆ ಏನೂ ಕೇಳಂಗಿಲ್ಲ."

ಇದ್ದಾನೆ ಎಂದುಬಿಟ್ಟರೆ ಅವಳು ಆವತ್ತು ಹೊಟ್ಟೆತುಂಬ ಉಂಡಾಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪ್ರೀತಿಯಿಂದ ಹೇಳಿದ ಸುಳ್ಳು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು.

"ನನಗ ಯಾ ದೇವರೂ ಬರಂಗಿಲ್ಲ, ಯವ್ವಾ. ಸತ್ತ ನನ್ನ ಕೂಸಿನ ಅಳು ಕೇಳಸ್ತೈತಿ, ಅಷ್ಟ. ಅದೂ ನನ್ನ ತಲ್ಯಾಗ. ಮಲ್ಲ ಅತ್ತಿದ್ದು ಖರೇನ ಹೊರಗ, ಅದಕ್ಕ ಹೋದೆ."

ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವಳು ಬಾಳೆಯ ಬುಡಕ್ಕೆ ಕುಕ್ಕರಿಸಿ ಕೂತಳು. ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು.

"ರೊಟ್ಟಿ ಬಡಿಯೂ ಮುಂದ 'ಯವ್ವಾ' ಅಂತಾನ," ಎಂದಳು ಕೊನೆಗೆ. "ಬಾಗಿಲದಾಗ ನಿಂತು ಕರದಂಗ. ದಿನಾ ತಿರುಗಿ ನೋಡ್ತೀನಿ. ಯಾರ ಮುಂದೂ ಹೇಳಿಲ್ಲ. ಒಳಗಿಂದೋ ಹೊರಗಿಂದೋ, ಅದು ಹ್ಯಾಂಗ ಗೊತ್ತಾಗ್ತೈತಿ?"

ಕಿವಿ ಮುಚ್ಚಿ ನೋಡುವುದನ್ನು ಅವಳಿಗೆ ಹೇಳಿದೆ. ಅವಳು ಎರಡೂ ಕೈ ಎತ್ತಿದಳು. ರೊಟ್ಟಿ ಬಡಿದು ಗಡುಸಾದ ಅಂಗೈಗಳು ಕೆನ್ನೆಯವರೆಗೆ ಬಂದು ಅಲ್ಲೇ ನಿಂತವು. ಆಮೇಲೆ ಮೆಲ್ಲಗೆ ಕೆಳಗಿಳಿಸಿದಳು.

"ಬ್ಯಾಡ ಬಿಡವ್ವ," ಎಂದಳು. "ಗೊತ್ತು ಮಾಡ್ಕೊಂಡು ಏನ್ ಮಾಡ್ಲಿ? ದಿನಾ ಕರೀತಾನ. ಕರೀಲಿ."

ಎದ್ದು ಸೀರೆ ಕೊಡವಿಕೊಂಡು ಹೋದಳು. ಮತ್ತೆ ಬರಲಿಲ್ಲ. ಅವಳ ಮಗ ಬಂದನೋ ಇಲ್ಲವೋ ನನಗೆ ತಿಳಿಯಲಿಲ್ಲ. ದೇವಿ ನನ್ನನ್ನು ಬಿಟ್ಟು ಹೋದಳೆಂದು ಊರವರು ತಾವೇ ತೀರ್ಮಾನಿಸಿದರು. ಬರುವವರು ಕಡಿಮೆಯಾದರು. ತವರಿಗೆ ಕಳಿಸುವ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ.

ಪಾರೂ ಅಳುವುದು ಯಾವತ್ತು ನಿಂತಿತೋ ನನಗೆ ಗೊತ್ತಿಲ್ಲ. ಬೇಸಿಗೆಯ ಒಂದು ಬೆಳಗ್ಗೆ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅಳು ಕೇಳಿಸಿ ಬಹಳ ದಿನವಾಯಿತೆಂಬುದು ಥಟ್ಟನೆ ಹೊಳೆಯಿತು. ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ತೋಟಕ್ಕೆ ನಡೆದೆ. ಒಂದೊಂದು ಸಾಲಿಗೂ ನಿಂತು ಕಿವಿಗೊಟ್ಟೆ. ಗಿಳಿಗಳ ಕೂಗಿತ್ತು, ನೀರು ಹಾಯುವ ಸದ್ದಿತ್ತು. ಯಾವುದು ಬೇಡವೆಂದು ತಿಂಗಳುಗಟ್ಟಲೆ ತುಟಿ ಕಚ್ಚಿ ಕೂತಿದ್ದೆನೋ ಅದನ್ನೇ ಹುಡುಕುತ್ತಿದ್ದೆ. ನಮ್ಮವರು ಸಲಿಕೆ ಹಿಡಿದು ಮಡಿಗೆ ನೀರು ತಿರುಗಿಸುತ್ತಿದ್ದರು.

"ಏನ್ ಹುಡುಕಾಕತ್ತಿ?"

"ಈಗ ಅಳೂದು ಕೇಳಸವಲ್ದು," ಎಂದೆ.

"ಛಲೋ ಆತಲ್ಲ," ಎಂದವರು ನನ್ನ ಮುಖ ನೋಡಿ ಎತ್ತಿದ ಸಲಿಕೆಯನ್ನು ಅಲ್ಲೇ ತಡೆದರು.

"ಆಕೀನ್ನ ಎಲ್ಲಿ ಇಟ್ಟೀರಿ?" ಎಂದು ಕೇಳಿದೆ.

ಅದುವರೆಗೆ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅವರು ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿ ಮುಂದೆ ನಡೆದರು. ನಾನು ಹಿಂದೆ ಹೋದೆ. ಹೊಳೆಯ ದಂಡೆಯಲ್ಲಿ ದೊಡ್ಡ ಗುಂಡುಕಲ್ಲುಗಳ ಕೆಳಗೆ ಮರಳು ಮಿಶ್ರಿತ ಮಣ್ಣಿನ ಜಾಗವಿತ್ತು. "ಇಲ್ಲೆ. ಚಪ್ಪಟಿ ಕಲ್ಲು ಇಟ್ಟಿದ್ದೆ ಗುರ್ತಿಗೆ," ಎಂದರು. ಅಲ್ಲಿ ಕಲ್ಲಿರಲಿಲ್ಲ. ಮಳೆಗಾಲದ ಹೊಳೆ ಬಂದು ಹೋಗಿತ್ತು. ಎಲ್ಲ ಕಡೆ ಕಲ್ಲುಗಳೇ ಚೆಲ್ಲಿದ್ದವು. ಅವರು ಒಂದನ್ನು ಹೊರಳಿಸಿ ನೋಡಿದರು, ಬಿಟ್ಟರು. ಇನ್ನೊಂದರ ಹತ್ತಿರ ಹೋದರು. ಮತ್ತೆ ಹಿಂದೆ ಬಂದರು. ನನ್ನ ಹಿಂದೆ ಅಷ್ಟು ದಿನ ಶಾಂತವಾಗಿ ತಿರುಗಿದ್ದ ಮನುಷ್ಯ ಈಗ ಕಲ್ಲಿನಿಂದ ಕಲ್ಲಿಗೆ ಓಡುತ್ತಿದ್ದರು.

"ನನ್ನ ಕೈಯಾರೆ ಇಟ್ಟೀನಿ," ಎಂದರು. "ನನಗ ಗೊತ್ತಿಲ್ಲಂದ್ರ ಹ್ಯಾಂಗ?"

"ಕೂಡ್ರಿ," ಎಂದೆ.

"ಇದಲ್ಲ ಆ ಜಾಗಾ."

"ಇಲ್ಲೇ ಆಗ್ಲಿ. ಕೂಡ್ರಿ."

ಅವರು ಕೂತರು. ನಾನೂ ಕೂತೆ. ಆಚೆ ದಡದಿಂದ ಹರಿಗೋಲೊಂದು ಜನರನ್ನು ತುಂಬಿಕೊಂಡು ತಿರುಗುತ್ತ ಬರುತ್ತಿತ್ತು. ಅದು ಈ ದಡ ಮುಟ್ಟಿ, ಜನ ಇಳಿದು ಹೋದ ಮೇಲೆ ಅವರು ಮಾತಾಡಿದರು. ನನಗೆ ಎಚ್ಚರವಿಲ್ಲದ ಆ ದಿನ ಕೂಸನ್ನು ಯಾವ ಬಟ್ಟೆಯಲ್ಲಿ ಸುತ್ತಿದ್ದರು, ಮಳೆ ಹೇಗೆ ಬರುತ್ತಿತ್ತು, ಕೊನೆಗೆ ಅದು ಯಾರ ಬೆರಳು ಹಿಡಿದಿತ್ತು, ಎಲ್ಲ ಹೇಳಿದರು. ಹೇಳುವಾಗ ಪಾರೂ ಎಂದು ಹೆಸರು ಹಿಡಿದೇ ಹೇಳಿದರು. ಅವಳು ಹೋದ ಮೇಲೆ ಅವರ ಬಾಯಿಂದ ಆ ಹೆಸರು ಕೇಳಿದ್ದು ಅದೇ ಮೊದಲು. ಬಿಸಿಲು ಏರಿ ಕಲ್ಲು ಕಾಯುವವರೆಗೆ ನಾವಿಬ್ಬರೂ ಅಲ್ಲಿ ಕೂತು ಅತ್ತೆವು.